ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದೇಶಿ ಭಾಷೆ ಮತ್ತು ರಂಗಕಲೆಯ ಓದು

ಈ ಸಂಚಿಕೆಗಾಗಿ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳನ್ನು ಕೇಳಿದ್ದವು. ವಿದೇಶಿ ಭಾಷೆಯನ್ನು ಪದವಿಗಾಗಿ ಓದುವುದು ಒಂದು. ನಾಟಕ, ಸಂಗೀತ, ಬಯಲಾಟಗಳನ್ನು ಪದವಿಗಾಗಿ ಓದುವುದು ಇನ್ನೊಂದು. ಎರಡನ್ನೂ ಒಂದೇ ಕಡೆ ತೆಗೆದುಕೊಂಡಿದ್ದೇನೆ, ಏಕೆಂದರೆ ಎರಡೂ ಬಾಯಿ, ಕಿವಿ ಮತ್ತು ಮೈಯನ್ನು ಗುರುವಿನ ಎದುರು ದಿನವೂ ತಿದ್ದಿಸಿಕೊಂಡು ಕಲಿಯಬೇಕಾದ ವಿದ್ಯೆಗಳು. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದೇನೆ. ವಿದೇಶಿ ಭಾಷೆಯೊಂದನ್ನು ಮುಖ್ಯ ವಿಷಯವಾಗಿ ಓದಬೇಕೆಂಬ ಆಸೆ ಇದೆ. ನನ್ನ ಶಾಲೆಯೆಲ್ಲ ಕನ್ನಡ ಮಾಧ್ಯಮದಲ್ಲೇ ಆಗಿದೆ, ಇಂಗ್ಲಿಷ್ ಸಾಧಾರಣ. ಮೊದಲೇ ಆ ಭಾಷೆ ಬರದಿದ್ದರೆ ಸೇರಿಸಿಕೊಳ್ಳುತ್ತಾರೆಯೇ? ಯಾವ ಭಾಷೆ ಆರಿಸಿಕೊಳ್ಳಲಿ? ಮನೆಯಲ್ಲಿ ದೂರ ಕಳಿಸಲು ಒಪ್ಪುತ್ತಿಲ್ಲ.
ವಿದ್ಯಾರ್ಥಿನಿ, ಲಿಂಗಸುಗೂರು

ಉತ್ತರ: ಮೊದಲ ಆತಂಕವನ್ನು ಮೊದಲೇ ಕಳೆಯೋಣ. ವಿದೇಶಿ ಭಾಷೆಯ ಬಿ.ಎ. ಆನರ್ಸ್ ತರಗತಿಗೆ ಸೇರುವವರಲ್ಲಿ ಬಹುಪಾಲು ಮಂದಿ ಆ ಭಾಷೆಯ ಒಂದಕ್ಷರವನ್ನೂ ತಿಳಿಯದೆ ಬಂದವರೇ ಆಗಿರುತ್ತಾರೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜಪಾನೀಸ್, ಕೊರಿಯನ್, ಚೀನೀ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ರಷ್ಯನ್, ಅರಬ್ಬಿ, ಪರ್ಷಿಯನ್ ಮುಂತಾದ ಭಾಷೆಗಳ ಪದವಿ ತರಗತಿಗಳು ವರ್ಣಮಾಲೆಯಿಂದಲೇ ಶುರುವಾಗುತ್ತವೆ. ಅಲ್ಲಿಗೆ ಪ್ರವೇಶ ಸಿಗುವುದು ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. 2022ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಇದನ್ನು ನಮ್ಮ ಭಾಗದ ಮಕ್ಕಳಿಗೆ ಕಾಲೇಜುಗಳಲ್ಲಿ ಯಾರೂ ಸರಿಯಾಗಿ ಹೇಳುತ್ತಿಲ್ಲ ಎಂಬ ನೋವು ನನಗಿದೆ.

ದೆಹಲಿ ದೂರವೆನಿಸಿದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. 1958ರಲ್ಲಿ ಇಂಗ್ಲಿಷ್ ಅಧ್ಯಾಪಕರ ತರಬೇತಿಗಾಗಿ ಶುರುವಾದ ಸಂಸ್ಥೆ ಅದು. 1972ರಲ್ಲಿ ವಿದೇಶಿ ಭಾಷೆಗಳು ಅದರ ಹೆಸರಿಗೆ ಸೇರಿಕೊಂಡವು, 2007ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ರಾಯಚೂರು ಜಿಲ್ಲೆಯವರಿಗೆ ಹೈದರಾಬಾದು ಬೆಂಗಳೂರಿಗಿಂತ ಬಹಳ ಹತ್ತಿರ. ನಿಮ್ಮ ಮನೆಯವರಿಗೆ ಈ ಮಾತನ್ನು ಹೀಗೆಯೇ ಹೇಳಿ: ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ, ಹೈದರಾಬಾದಿಗೆ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ಅಲ್ಲೇ. ಪ್ರವೇಶದ ನಿಯಮಗಳು ವರ್ಷ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ ಅರ್ಜಿ ಹಾಕಬೇಕು.

ಇಂಗ್ಲಿಷಿನ ವಿಷಯದಲ್ಲಿ ಮಾತ್ರ ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಈ ಎರಡೂ ಕಡೆ ವಿದೇಶಿ ಭಾಷೆಯ ವ್ಯಾಕರಣವನ್ನು ವಿವರಿಸುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಇತರ ವಿಷಯಗಳ ಪಾಠವೂ ಇಂಗ್ಲಿಷಿನಲ್ಲಿ. ಹೀಗಾಗಿ ಮೊದಲ ವರ್ಷ ನಿಮಗೆ ಎರಡು ಭಾಷೆಗಳನ್ನು ಒಟ್ಟಿಗೆ ಕಲಿತಷ್ಟು ಶ್ರಮವಾಗುತ್ತದೆ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನವನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ. ಆದರೆ ನಿಮ್ಮ ಕನ್ನಡವನ್ನು ಕೊರತೆಯೆಂದು ಎಣಿಸಬೇಡಿ, ಅದು ಎಷ್ಟು ಕಡೆ ನೆರವಿಗೆ ಬರುತ್ತದೆ ಎಂಬುದು ತರಗತಿಯಲ್ಲಿ ಕುಳಿತ ಮೇಲೆ ತಿಳಿಯುತ್ತದೆ.

ಜಪಾನೀಸ್ ಭಾಷೆಯನ್ನೇ ನೋಡಿ. ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ನಾವು ನಾಮಪದಕ್ಕೆ ‘ಅನ್ನು’, ‘ಇಂದ’, ‘ಅಲ್ಲಿ’ ಹಚ್ಚುವಂತೆ ಅವರೂ ಪದದ ಬೆನ್ನಿಗೆ ಪ್ರತ್ಯಯದಂಥ ಚಿಕ್ಕ ಮಾತುಗಳನ್ನು ಹಚ್ಚುತ್ತಾರೆ. ‘ಹೊನ್ ಒ ಯೊಮಿಮಸ್’ ಎಂದರೆ ‘ಪುಸ್ತಕವನ್ನು ಓದುತ್ತೇನೆ’. ಅದರಲ್ಲಿನ ‘ಒ’ ನಮ್ಮ ‘ಅನ್ನು’ ಮಾಡುವ ಕೆಲಸವನ್ನೇ ಮಾಡುತ್ತದೆ. ಇದಕ್ಕಿಂತ ಸೊಗಸಾದುದು ಇನ್ನೊಂದಿದೆ. ರುಚಿ ಹೇಗಿದೆಯೆಂದು ತಿಳಿಯಲು ನಾವು ‘ತಿಂದು ನೋಡು’ ಎನ್ನುತ್ತೇವೆ. ಕಣ್ಣಿನಿಂದ ನೋಡುವುದಕ್ಕೂ ಆ ‘ನೋಡು’ವಿಗೂ ಸಂಬಂಧವಿಲ್ಲ. ಜಪಾನೀಯರು ‘ತಾಬೆತೆ ಮಿರು’ ಎನ್ನುತ್ತಾರೆ: ‘ತಾಬೆತೆ’ ತಿಂದು, ‘ಮಿರು’ ನೋಡು. ಇಂಗ್ಲಿಷಿನ ಮೂಲಕ ಕಲಿಯುವವನು ಇದನ್ನು ಒಂದು ವ್ಯಾಕರಣ ಸೂತ್ರವೆಂದು ಬಾಯಿಪಾಠ ಮಾಡುವಾಗ, ಕನ್ನಡದ ಹುಡುಗಿ ಅದನ್ನು ಮನೆಮಾತಿನಂತೆ ಹಿಡಿದುಬಿಡುತ್ತಾಳೆ. ಹಾಗೆಂದು ಜಪಾನೀಸ್ ಸುಲಭವೆಂದಲ್ಲ. ತಲಾ 46 ಮೂಲ ಅಕ್ಷರಗಳ ಎರಡು ಲಿಪಿಗಳ ಜೊತೆಗೆ ದಿನಬಳಕೆಗೆಂದು ಅವರ ಸರ್ಕಾರ ಗೊತ್ತುಮಾಡಿದ ಚಿತ್ರಾಕ್ಷರಗಳೇ 2,136 ಇವೆ. ಸ್ಪ್ಯಾನಿಷಿನಲ್ಲಿ ನಮ್ಮ ‘ತ’, ‘ದ’ಗಳನ್ನು ಹೆಚ್ಚು ಕಡಿಮೆ ಹಾಗೆಯೇ ಬಳಸಬಹುದು. ಅಲ್ಲಿ ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ನಾಯಿ. ಎರಡು ಬಗೆಯ ರಕಾರಗಳನ್ನು ಬೇರೆ ಬೇರೆ ಇಟ್ಟುಕೊಂಡ ಭಾಷೆ ಅದು; ಹಳಗನ್ನಡದ ಶಕಟರೇಫ, ಅಂದರೆ ಒತ್ತಿ ನುಡಿಯುವ ‘ಱ’, ನೆನಪಿದ್ದವರಿಗೆ ಇದು ಹೊಸತೆನಿಸದು.

ಕಷ್ಟವಾಗುವುದು ನಮ್ಮಲ್ಲಿಲ್ಲದ ಧ್ವನಿಗಳು. ನಾನು ಜರ್ಮನ್ ಕಲಿಯುವಾಗ ತಲೆಯ ಮೇಲೆ ಎರಡು ಚುಕ್ಕಿ ಇರುವ ‘ಯು’ ಅಕ್ಷರ ಮೂರು ವಾರ ಬಾಯಿಗೆ ಬರಲಿಲ್ಲ. ನಮ್ಮ ಅಧ್ಯಾಪಕಿ ತಮ್ಮ ಚೀಲದಿಂದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ‘ಈ’ ಎನ್ನಿ, ನಾಲಿಗೆಯನ್ನು ಅಲ್ಲೇ ಬಿಡಿ, ಈಗ ತುಟಿಗಳನ್ನು ಮಾತ್ರ ‘ಊ’ ಎನ್ನುವಾಗಿನಂತೆ ದುಂಡಗೆ ಮಾಡಿ ಎಂದರು. ಕನ್ನಡಿಯಲ್ಲಿ ತುಟಿ ದುಂಡಗಾಯಿತು, ಧ್ವನಿ ಬಂತು. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆಲ್ಲ ಕನ್ನಡಿ ತರಲು ಹೇಳುತ್ತಾ ಬಂದಿದ್ದೇನೆ. ಭಾಷೆಯ ತರಗತಿಯೆಂದರೆ ಇದು. ಒಂದು ಸ್ವರಕ್ಕಾಗಿ ಎಲ್ಲರ ಎದುರು ಇಪ್ಪತ್ತು ಸಲ ತಪ್ಪಿ, ಇಪ್ಪತ್ತೊಂದನೆಯ ಸಲ ನಾಚದೆ ಬಾಯಿ ತೆರೆಯುವುದು ನಿಮಗೆ ಒಪ್ಪಿತವೇ ಎಂದು ಮೊದಲು ಕೇಳಿಕೊಳ್ಳಿ. ಯಾವ ಭಾಷೆ ಎಂಬುದು ಆಮೇಲಿನ ಮಾತು. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಆರಂಭದ ಪಾಠಗಳನ್ನು ಮೂರು ಭಾಷೆಗಳಲ್ಲಿ ತಲಾ ಹತ್ತು ದಿನ ಕೇಳಿ, ಯಾವುದರ ಧ್ವನಿ ಅಡುಗೆ ಮಾಡುವಾಗಲೂ ಕಿವಿಯಲ್ಲಿ ಉಳಿಯುತ್ತದೆಯೋ ಅದನ್ನು ಆರಿಸಿಕೊಳ್ಳಿ.

ಪ್ರಶ್ನೆ: ನಮಗೆ ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಮಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ಹವ್ಯಾಸಿ ನಾಟಕ ತಂಡ ಸೇರಿದ ಮೇಲೆ ಪದವಿ ಬಿಟ್ಟು ನಾಟಕ ಶಾಲೆಗೆ ಹೋಗುವುದಾಗಿ ಹಟ ಹಿಡಿದಿದ್ದಾನೆ. ನಾಟಕಕ್ಕೂ ವಿಶ್ವವಿದ್ಯಾಲಯದ ಓದು ಇದೆಯೇ? ಅದರಿಂದ ಹೊಟ್ಟೆ ತುಂಬುತ್ತದೆಯೇ?
ತಂದೆ, ಸಿರುಗುಪ್ಪ

ಉತ್ತರ: ಮಗನನ್ನು ಬೈಯುವ ಬದಲು ಪತ್ರ ಬರೆದು ವಿಚಾರಿಸಿದ್ದೀರಿ, ಅದಕ್ಕೆ ನಿಮಗೆ ನಮಸ್ಕಾರ. ಬಿ.ಕಾಂ. ಪೂರ್ತಿ ಮಾಡಲಿ. ಇದನ್ನು ನಾಟಕದ ಹಿತಕ್ಕಾಗಿಯೇ ಹೇಳುತ್ತಿದ್ದೇನೆ ಎಂದು ಅವನಿಗೆ ತಿಳಿಸಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಡಿಪ್ಲೊಮಾಕ್ಕೆ ಅರ್ಜಿ ಹಾಕಬೇಕಾದರೆ ಯಾವುದಾದರೂ ಪದವಿ ಆಗಿರಬೇಕು, ಜೊತೆಗೆ ಕನಿಷ್ಠ ಆರು ನಾಟಕ ಪ್ರಯೋಗಗಳಲ್ಲಿ ಭಾಗವಹಿಸಿದ ಅನುಭವ ಇರಬೇಕು. ಮೊದಲ ಸುತ್ತಿನ ಆಯ್ಕೆ, ಆಮೇಲೆ ದೆಹಲಿಯಲ್ಲಿ ಕೆಲವು ದಿನಗಳ ಕಾರ್ಯಾಗಾರ, ಅದರಲ್ಲಿ ಉಳಿದವರಿಗೆ ಪ್ರವೇಶ. ಸೇರಿದವರಿಗೆ ವಿದ್ಯಾರ್ಥಿವೇತನವೂ ಸಿಗುತ್ತದೆ. ಉಳಿದಿರುವ ಸಮಯದಲ್ಲಿ ಅವನು ಪದವಿ ಮುಗಿಸಿ, ಆರು ನಾಟಕಗಳನ್ನೂ ಮುಗಿಸಿಕೊಳ್ಳಬಹುದು. ಪ್ರತಿ ಪ್ರಯೋಗದ ಕರಪತ್ರ, ಛಾಯಾಚಿತ್ರ, ತಂಡದ ಪತ್ರಗಳನ್ನು ಒಂದು ಕಡತದಲ್ಲಿ ಇಡಲು ಹೇಳಿ.

ಅಷ್ಟು ದೂರ ಹೋಗುವ ಮೊದಲು ಕನ್ನಡದಲ್ಲೇ ಗಟ್ಟಿ ತರಬೇತಿ ಬೇಕೆಂದರೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಒಂದು ವರ್ಷದ ತರಬೇತಿ ಕೇಂದ್ರವಿದೆ. ಮೈಸೂರಿನ ರಂಗಾಯಣವೂ ತರಬೇತಿ ನಡೆಸುತ್ತದೆ. ಪದವಿಯ ಪತ್ರವೇ ಬೇಕೆಂದರೆ, ಅಂದರೆ ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಇಚ್ಛೆಯಿದ್ದರೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಕಲಾ ಮತ್ತು ಸಂವಹನ ಶಾಲೆಯಲ್ಲಿ ರಂಗಕಲೆ ಮತ್ತು ನೃತ್ಯದ ಸ್ನಾತಕೋತ್ತರ ವಿಭಾಗಗಳಿವೆ, ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಸಂವಿಧಾನದ 371ಜೆ ವಿಧಿಯಿಂದಾಗಿ ನಮ್ಮ ಭಾಗದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಮೀಸಲು. ಕೇಂದ್ರದ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ. ಸಹಾಯಕ ಆಯುಕ್ತರ ಕಚೇರಿಯಿಂದ 371ಜೆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ; ಪ್ರವೇಶದ ವಾರದಲ್ಲಿ ಓಡಾಡಿ ಸೀಟು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಹೊಟ್ಟೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ರಂಗಭೂಮಿಯೊಂದನ್ನೇ ನಂಬಿ ತಿಂಗಳ ಸಂಬಳದಂತೆ ದುಡಿಯುವವರು ಕಡಿಮೆ. ರೆಪರ್ಟರಿಯ, ಅಂದರೆ ಸಂಬಳದ ಕಾಯಂ ನಾಟಕ ತಂಡದ, ಕಲಾವಿದರು, ಶಾಲೆಗಳಲ್ಲಿ ನಾಟಕ ಕಲಿಸುವವರು, ಧಾರಾವಾಹಿ ಮತ್ತು ಡಬ್ಬಿಂಗ್ ಕೆಲಸ ಮಾಡುವವರು, ಬೆಳಕು ಮತ್ತು ರಂಗಸಜ್ಜಿಕೆ ಬಲ್ಲವರು ಬದುಕುತ್ತಿದ್ದಾರೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ, ಆದರೆ ಆ ಹುದ್ದೆಗಳು ಕೆಲವೇ. ಬೆಳಕಿನ ವಿನ್ಯಾಸ ಕಲಿತ ಹುಡುಗರಿಗೆ ನಟರಿಗಿಂತ ಬೇಗ ಕೆಲಸ ಸಿಗುವುದನ್ನು ಗಮನಿಸಿದ್ದೇನೆ, ಇದನ್ನು ಮಗನ ಕಿವಿಗೆ ಹಾಕಿ.

ನಿಮ್ಮ ಜಿಲ್ಲೆಯವರೇ ಆದ ಬಳ್ಳಾರಿ ರಾಘವರ (1880–1946) ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅವರು ವೃತ್ತಿಯಿಂದ ವಕೀಲರು. ಹಗಲು ನ್ಯಾಯಾಲಯ, ರಾತ್ರಿ ರಂಗ; ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅಭಿನಯ. ಅವರ ಹೆಸರಿನ ಕಲಾಮಂದಿರ ಇಂದಿಗೂ ಬಳ್ಳಾರಿಯಲ್ಲಿದೆ. ಮುಂದಿನ ಸಲ ಅಲ್ಲಿ ನಾಟಕವಿದ್ದಾಗ, ಅದರಲ್ಲೂ ಮಗ ಪಾತ್ರ ಮಾಡುತ್ತಿರುವಾಗ, ನೀವೂ ಮನೆಯವರೂ ಹೋಗಿ ನೋಡಿ. ಮಗ ಇಡೀ ದಿನ ಮಾಡುವ ಕೆಲಸವನ್ನು ಒಮ್ಮೆಯೂ ಕಣ್ಣಾರೆ ನೋಡದೆ ಅವನ ಭವಿಷ್ಯ ತೀರ್ಮಾನಿಸುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಬಿ.ಎ. ಓದುತ್ತಲೇ ಇನ್ನೊಂದು ಪದವಿಗೆ ಸೇರಬಹುದೇ?
ವಿದ್ಯಾರ್ಥಿ, ಮಾನ್ವಿ

ಉತ್ತರ: ಸೇರಬಹುದು. ಏಕಕಾಲಕ್ಕೆ ಎರಡು ಪದವಿ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಅನುಮತಿ ನೀಡಿದೆ. ಎರಡೂ ನೇರ ತರಗತಿಗಳಾದರೆ ವೇಳೆ ಒಂದರ ಮೇಲೊಂದು ಬೀಳಬಾರದು. ಒಂದು ನೇರ, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್ ಆದರೆ ತೊಡಕು ಕಡಿಮೆ. ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಒಪ್ಪಿಗೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಆದರೆ ಭಾಷೆ ಅಥವಾ ಸಂಗೀತಕ್ಕಾಗಿ ಎರಡನೆಯ ಪದವಿಗಿಂತ ಸರ್ಟಿಫಿಕೇಟ್ ಕೋರ್ಸ್ ಸಾಕೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನದಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದ್ದೇನೆ, ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಎರಡು ದೋಣಿಯ ಮೇಲೆ ಕಾಲಿಟ್ಟಿದ್ದೀ ಎಂದು ಎಲ್ಲರೂ ಹೇಳುತ್ತಾರೆ. ಒಂದನ್ನು ಬಿಡಲೇ?
ಓದುಗಾರ್ತಿ, ರಾಯಚೂರು

ಉತ್ತರ: ನಿಮ್ಮ ಊರಿನಲ್ಲಿ ನಿಂತು ಈ ಪ್ರಶ್ನೆ ಕೇಳಿದ್ದೀರಿ, ಹಾಗಾಗಿ ನಿಮ್ಮ ಊರಿನ ನಂಟಿರುವವರನ್ನೇ ನೆನೆಯುತ್ತೇನೆ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ್ ತಾರಾನಾಥರು (1932–2024) ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದ ಅಧ್ಯಾಪಕರಾಗಿದ್ದರು. ಸರೋದ್ ಕಲಿಯಲು ಆ ವೃತ್ತಿಯನ್ನು ಬಿಟ್ಟು ಕಲ್ಕತ್ತೆಯಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಬಳಿ ಹೋದರು. ಮುಂದೆ ಕ್ಯಾಲಿಫೋರ್ನಿಯಾ ಕಲಾ ಸಂಸ್ಥೆಯಲ್ಲಿ ಭಾರತೀಯ ಸಂಗೀತ ವಿಭಾಗವನ್ನು ನಡೆಸಿದರು. ಅವರ ಸಾಹಿತ್ಯದ ಓದು ವ್ಯರ್ಥವಾಗಲಿಲ್ಲ. ಹೊರನಾಡಿನ ವಿದ್ಯಾರ್ಥಿಗೆ ರಾಗದ ಮನಸ್ಸನ್ನು ಮಾತಿನಲ್ಲಿ ಬಿಡಿಸಿ ಹೇಳಲು ಅದು ಬೇಕಾಯಿತು. ನೀವು ಎಂ.ಎ. ಮುಗಿಸಿ, ಬೆಳಗಿನ ಸಾಧನೆಯನ್ನು ಒಂದು ದಿನವೂ ತಪ್ಪಿಸಬೇಡಿ. ಎರಡು ವರ್ಷದ ಕೊನೆಗೆ ಯಾವುದನ್ನು ಬಿಟ್ಟರೆ ನಿದ್ದೆ ಬರುವುದಿಲ್ಲವೋ ಅದು ನಿಮಗೇ ಗೊತ್ತಾಗುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ವಿದ್ಯಾರ್ಥಿವೇತನವೊಂದಿದೆ. ಗುರುವಿನ ಬಳಿ ಐದು ವರ್ಷ ಕಲಿತಿದ್ದರೆ ಅರ್ಜಿ ಹಾಕಿ.

ಪ್ರಶ್ನೆ: ಜರ್ಮನಿಯಲ್ಲಿ ನಾಟಕ ಓದಬೇಕೆಂದಿದ್ದೇನೆ. ಎಲ್ಲವನ್ನೂ ಮಾಡಿಸಿಕೊಡುತ್ತೇವೆ ಎಂದು ಒಬ್ಬ ಏಜೆಂಟರು ಹೇಳುತ್ತಾರೆ. ನಂಬಬಹುದೇ?
ಓದುಗ, ಸಿಂಧನೂರು

ಉತ್ತರ: ನಿಮ್ಮ ಪರವಾಗಿ ಏಜೆಂಟರು ಫಾರಂ ತುಂಬಬಹುದು, ಆದರೆ ಜರ್ಮನ್ ಭಾಷೆಯನ್ನು ಅವರು ಕಲಿಯಲಾರರು. ನಟನೆಯ ಓದಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷೆಯಲ್ಲಿ ಜರ್ಮನ್ ಭಾಷೆಯಲ್ಲೇ ಪಾತ್ರ ಮಾಡಿ ತೋರಿಸಬೇಕು, ಮಾತಿನ ಏರಿಳಿತದಲ್ಲಿ ಭಾವ ಹೊಮ್ಮಿಸಬೇಕು. ಯುರೋಪಿನ ಭಾಷಾ ಮಟ್ಟಗಳು ಎ1ರಿಂದ ಸಿ2ರವರೆಗೆ ಆರು. ಹೋಟೆಲಿನಲ್ಲಿ ಊಟ ಕೇಳುವಷ್ಟು ಬಂದರೆ ಎ1. ನಾಟಕ ಓದಲು ಮೇಲಿನ ಮಟ್ಟಗಳೇ ಬೇಕು. ಊರಿನಲ್ಲೇ ಕೆಲಸ ಮಾಡಿಕೊಂಡು ಕಲಿಯುವವರಿಗೆ ಅಲ್ಲಿಗೆ ಮುಟ್ಟಲು ವರ್ಷಗಳೇ ಹಿಡಿಯುತ್ತವೆ.

ನನ್ನ ಪರಿಚಯದ ಹುಡುಗನೊಬ್ಬ ಹೊಲ ಅಡವಿಟ್ಟು ಇಂಥದೇ ಒಂದು ಏಜೆನ್ಸಿಗೆ ಹಣ ಕಟ್ಟಿದ. ಕೊಟ್ಟ ಮಾತಿನಂತೆ ಪ್ರವೇಶಪತ್ರ ಬಂತು, ಆದರೆ ಅದು ಅವನು ಕೇಳಿದ ವಿಷಯದ್ದಾಗಿರಲಿಲ್ಲ. ಆ ಹಣ ತೀರಿಸಲು ಅವನ ಅಣ್ಣ ಈಗಲೂ ದುಡಿಯುತ್ತಿದ್ದಾನೆ. ದಯವಿಟ್ಟು ಇದನ್ನು ಎರಡು ಸಲ ಓದಿ.

ಖರ್ಚಿನ ಲೆಕ್ಕವೂ ಗೊತ್ತಿರಲಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಶುಲ್ಕವಿದೆ. ಆದರೆ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಬಹುದಾದ ಖಾತೆಯಲ್ಲಿ, ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೊಗಳಿಗೆ ಏರಿತು, ನಮ್ಮ ಹಣದಲ್ಲಿ 10 ಲಕ್ಷ ರೂಪಾಯಿಗೂ ಹೆಚ್ಚು. ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಇದ್ಯಾವುದಕ್ಕೂ ಮಧ್ಯವರ್ತಿ ಬೇಕಿಲ್ಲ. ಡಿಎಎಡಿ ಎಂಬ ಜರ್ಮನ್ ಸಂಸ್ಥೆ ಪದವೀಧರ ಕಲಾವಿದರಿಗೆಂದೇ, ಸಂಗೀತಕ್ಕೆ ಬೇರೆ, ನಾಟಕ ನೃತ್ಯಗಳಿಗೆ ಬೇರೆ, ವಿದ್ಯಾರ್ಥಿವೇತನ ಕೊಡುತ್ತದೆ. ಈ ವರ್ಷ ಭಾಷೆಗೆ ಸೇರಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಆನ್‌ಲೈನ್ ತರಗತಿಗಳನ್ನೂ ನಡೆಸುತ್ತದೆ. ಬಿ1 ಮುಗಿದ ದಿನ ಇನ್ನೊಂದು ಪತ್ರ ಬರೆಯಿರಿ, ಮುಂದಿನ ಹೆಜ್ಜೆಯನ್ನು ಆಗ ಯೋಚಿಸೋಣ.

ಪ್ರಶ್ನೆ: ಆನೆಗೊಂದಿಯಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತೇನೆ. ವಯಸ್ಸು 34. ಯಾವ ಭಾಷೆ ಕಲಿತರೆ ಉಪಯೋಗ?
ಓದುಗ, ಗಂಗಾವತಿ ತಾಲ್ಲೂಕು

ಉತ್ತರ: ನಿಮ್ಮ ಅತಿಥಿಗಳ ದಾಖಲೆ ಪುಸ್ತಕದಲ್ಲೇ ಉತ್ತರವಿದೆ. ಕಳೆದ ಎರಡು ವರ್ಷಗಳಲ್ಲಿ ಯಾವ ದೇಶದವರು ಹೆಚ್ಚು ಬಂದರೆಂದು ಎಣಿಸಿ, ಅವರ ಭಾಷೆಯನ್ನು ಕಲಿಯಿರಿ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಕೋರ್ಸುಗಳನ್ನು ಊರಿನಿಂದಲೇ ಮಾಡಬಹುದು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗಿನಿಂದ ಹೊಳೆಯ ಈಚೆ ದಡಕ್ಕೂ ಹೊರನಾಡಿನವರು ಬರುತ್ತಿದ್ದಾರೆ; ಅವರ ಭಾಷೆಯಲ್ಲಿ ಅಂಜನಾದ್ರಿಯ ಕಥೆಯನ್ನು ಹತ್ತು ನಿಮಿಷ ಹೇಳುವಷ್ಟು ಕಲಿತರೂ ನಿಮ್ಮ ಮನೆಯನ್ನು ಅವರು ಮರೆಯುವುದಿಲ್ಲ.

ಪ್ರಶ್ನೆ: ನಮ್ಮದು ದೊಡ್ಡಾಟದ ಮನೆತನ. ತಾತ ಆಟದ ಮಾಸ್ತರರು, ಭಾಗವತರು. ನಾನು ಬಿ.ಎ. ಮುಗಿಸಿದ್ದೇನೆ, ಮದ್ದಲೆ ನುಡಿಸುತ್ತೇನೆ. ಪ್ರದರ್ಶಕ ಕಲೆಗಳ ಎಂ.ಎ. ಮಾಡಿದರೆ ವಿಶ್ವವಿದ್ಯಾಲಯದವರು ನನಗೆ ತಾತ ಕಲಿಸದ ಏನನ್ನು ಕಲಿಸುತ್ತಾರೆ? ತಾತನಿಗೆ ಈಗ 82 ವರ್ಷ.
ಓದುಗ, ಯಲಬುರ್ಗಾ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಹಲವು ದಿನ ಮೇಜಿನ ಮೇಲೆ ಇಟ್ಟುಕೊಂಡು ಯೋಚಿಸಿದ್ದೇನೆ. ಕುಣಿತ, ಪದ, ತಾಳ, ಪಾತ್ರದ ಪ್ರವೇಶಕ್ಕೆ ಸಾರಥಿ (ಪಾತ್ರಗಳನ್ನು ಮಾತಾಡಿಸಿ ಪರಿಚಯಿಸುವವನು) ಎಲ್ಲಿ ನಿಂತು ಹೇಗೆ ಮಾತು ತೆಗೆಯಬೇಕು ಎಂಬ ಸೂಕ್ಷ್ಮ, ಇವುಗಳಲ್ಲಿ ನಿಮ್ಮ ತಾತನಿಗಿಂತ ಹೆಚ್ಚು ಬಲ್ಲವರು ಯಾವ ವಿಭಾಗದಲ್ಲೂ ನಿಮಗೆ ಸಿಗಲಾರರು. ಅದನ್ನು ಕಲಿಯಲು ಊರು ಬಿಡಬೇಕಿಲ್ಲ. ವಿಶ್ವವಿದ್ಯಾಲಯ ಕೊಡಬಲ್ಲದ್ದು ಬೇರೆಯದು: ನಿಮ್ಮ ಆಟವನ್ನು ಪಕ್ಕದ ಆಟಗಳ ಜೊತೆಗಿಟ್ಟು ನೋಡುವ ಕಣ್ಣು, ಕೈಬರಹದ ಪ್ರತಿಗಳನ್ನು ಹೋಲಿಸಿ ಓದಿ ಸರಿಯಾದ ಪಾಠ ಯಾವುದೆಂದು ನಿಷ್ಕರ್ಷೆ ಮಾಡುವ ಕ್ರಮ, ಸ್ವರಲಿಪಿ, ಬೆಳಕು ಧ್ವನಿಗಳ ತಂತ್ರ, ಮತ್ತು ಒಂದು ಕಲೆಯನ್ನು ಅದನ್ನು ಕಂಡೇ ಇರದ ಮನುಷ್ಯನಿಗೆ ವಿವರಿಸುವ ಬರವಣಿಗೆ. ಇವನ್ನು ತಾತ ಕಲಿಸಲಿಲ್ಲ, ಏಕೆಂದರೆ ಅವರ ಪ್ರೇಕ್ಷಕರೆಲ್ಲ ಆಟ ಬಲ್ಲವರೇ ಆಗಿದ್ದರು. ನಿಮ್ಮ ಕಾಲದ ಪ್ರೇಕ್ಷಕರು ಹಾಗಿಲ್ಲ.

ಓದಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಿಮಗೆ ಕೈಗೆಟುಕುವಷ್ಟು ದೂರದಲ್ಲಿದೆ. 1991ರಲ್ಲಿ ಸ್ಥಾಪನೆಯಾದ ಅದು ಸಂಶೋಧನೆಗೆಂದೇ ರೂಪುಗೊಂಡದ್ದು. ಅಕ್ಷರ ಕಲಿಯದ, ಆದರೆ ಸಾವಿರಾರು ಸಾಲುಗಳ ಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ದರೋಜಿ ಈರಮ್ಮನವರ ಬುರ್ರಕಥೆಗೆ ನಾಡೋಜ ಗೌರವ ಕೊಟ್ಟ ವಿಶ್ವವಿದ್ಯಾಲಯವೂ ಅದೇ. ನಿಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದದ್ದನ್ನು ನೀವು ಹೆಮ್ಮೆಯಿಂದ ನೋಡಿರುತ್ತೀರಿ. ಆಗ ಅವರಿಗೆ 96 ವರ್ಷ. ಆ ಗೊಂಬೆಗಳು ಹೊರದೇಶಗಳ ಪರದೆಗಳ ಮೇಲೂ ಕುಣಿದಿವೆ. ಅಂಥ ಕಡೆ ಪದ ಕನ್ನಡದಲ್ಲಿರುತ್ತದೆ, ನೋಡುವವರಿಗೆ ಕನ್ನಡ ಬರುವುದಿಲ್ಲ. ಆಗ ಕಥೆಯನ್ನು ಅವರ ಭಾಷೆಯಲ್ಲಿ ಹೇಳುವವನು ಯಾರು? ಕಲೆಯೂ ಗೊತ್ತಿಲ್ಲದ, ಊರೂ ಗೊತ್ತಿಲ್ಲದ ಯಾರೋ ಒಬ್ಬರು ಅವಸರದಲ್ಲಿ ಬರೆದ ನಾಲ್ಕು ಸಾಲಿನ ಟಿಪ್ಪಣಿಯೇ ಬಹಳ ಸಲ ಎಲ್ಲವೂ ಆಗಿಬಿಡುತ್ತದೆ. ದೊಡ್ಡಾಟದ ಮನೆಯಲ್ಲೇ ಹುಟ್ಟಿದವನು ಫ್ರೆಂಚನ್ನೋ ಜಪಾನೀಸನ್ನೋ ಬಲ್ಲವನಾಗಿ ಆ ಜಾಗದಲ್ಲಿ ನಿಂತರೆ ಏನಾಗಬಹುದೆಂದು ನಾನು ಬಹಳ ಆಸೆಯಿಂದ ಊಹಿಸಿಕೊಳ್ಳುತ್ತೇನೆ. ಜಪಾನಿನ ನೋ ಮತ್ತು ಕಬುಕಿ ರಂಗಗಳಲ್ಲೂ ವಿದ್ಯೆ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಅಲ್ಲಿಯವರಿಗೆ ನಿಮ್ಮ ತಾತನ ಸ್ಥಾನ ಏನೆಂದು ವಿವರಿಸಬೇಕಾಗಿಯೇ ಇಲ್ಲ.

ಆದ್ದರಿಂದ ಎಂ.ಎ. ಮಾಡಿ ಎಂದೇ ಹೇಳುತ್ತೇನೆ, ಆದರೆ ಈ ವರ್ಷವಲ್ಲ. ವಿಶ್ವವಿದ್ಯಾಲಯ ಮುಂದಿನ ವರ್ಷವೂ ಇರುತ್ತದೆ. 82 ವರ್ಷದ ಭಾಗವತರ ಕಂಠದ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಸುಗ್ಗಿ ಮುಗಿದು ಸಂಜೆಗಳು ಬಿಡುವಾದಾಗ ತಾತನ ಎದುರು ಕುಳಿತು ಅವರಿಗೆ ಬರುವ ಆಟಗಳನ್ನು ಒಂದೊಂದಾಗಿ ಧ್ವನಿಮುದ್ರಿಸಿಕೊಳ್ಳಿ. ಮೊಬೈಲೇ ಸಾಕು, ಫ್ಯಾನು ಆರಿಸಿ, ಕೋಣೆಯಲ್ಲಿ ಕಂಬಳಿ ಹಾಸಿದರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಮೊದಲು ಪದವನ್ನು ಹಾಡಿಸಿ, ಬಳಿಕ ಅದೇ ಪದವನ್ನು ನಿಧಾನವಾಗಿ ಮಾತಿನಲ್ಲಿ ಹೇಳಿಸಿ, ಏಕೆಂದರೆ ಹಾಡಿನ ಓಟದಲ್ಲಿ ಕೇಳದೆ ಹೋಗುವ ಹಳೆಯ ಶಬ್ದಗಳು ಮಾತಿನಲ್ಲಿ ಸಿಗುತ್ತವೆ. ಮದ್ದಲೆಯ ಬೋಲುಗಳನ್ನು ಬೇರೆಯಾಗಿ ಬಾಯಲ್ಲಿ ಹೇಳಿಸಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆಟದ ಪ್ರತಿಗಳಿದ್ದರೆ ಪ್ರತಿ ಪುಟದ ಚಿತ್ರ ತೆಗೆಯಿರಿ, ಹರಿದ ಪುಟಗಳನ್ನು ಅಂಟಿಸಲು ಹೋಗಬೇಡಿ. ಎಲ್ಲವನ್ನೂ ಎರಡು ಕಡೆ ಉಳಿಸಿಡಿ. ಒಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ತಾತನ ಹೆಸರು, ಅವರು ಯಾರಿಂದ ಕಲಿತರು, ಅವರ ಗುರು ಯಾವ ಊರಿನವರು, ಮೊದಲ ಸಲ ಯಾವ ಊರಿನ ಬಯಲಿನಲ್ಲಿ ಯಾವ ಪಾತ್ರ ಕಟ್ಟಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಿರಿ. ಮುಂದಿನ ವರ್ಷ ಪ್ರವೇಶದ ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ಆ ನೋಟುಬುಕ್ಕೂ ನಿಮ್ಮ ಕೈಯಲ್ಲಿರಲಿ.